ಧೂಳು ಸೆಳೆಯುವ ಕಲ್ಲು

'ತಪ್ಪಾತು, ಮನೀಗೆ ಬಾ' ಎಂಬ ಮಾತು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಸಲ ಬಾಯಿಗೆ ಬಂದಾಗ ಅದು ಕಾಲೇಜಿನ ಪ್ರಿನ್ಸಿಪಾಲರ ದನಿಯಲ್ಲಿತ್ತು. ಮೂಗಿನಿಂದ ಹೊರಟು, ಗಂಟಲನ್ನು ಮುಟ್ಟದೆ, ಕೊನೆಯ ಅಕ್ಷರವನ್ನು ಸುತ್ತೋಲೆಯ ಕೆಳಗಿನ ಸಹಿಯ ಹಾಗೆ ಎಳೆಯುವ ದನಿ. ಅಂದಾನೆಪ್ಪ ಅದನ್ನು ನುಂಗಿ ಇನ್ನೊಮ್ಮೆ ಪ್ರಯತ್ನಿಸಿದ. ಈ ಸಲ ಧಾರವಾಡ ಆಕಾಶವಾಣಿ ಬಂತು. ಹೆಂಡತಿಯ ಹತ್ತಿರ ಕೇಳುವ ಕ್ಷಮೆ ಜಲಾಶಯದ ನೀರಿನ ಮಟ್ಟದಷ್ಟು ನಿರ್ವಿಕಾರವಾಗಿತ್ತು. ಬ್ಯಾಡಗಿ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಮೂರನೆಯ ಸಲ ಅಂದುಕೊಂಡಾಗ ಬಾಯಿಂದ ಹೊರಟದ್ದು ಕಂಡಕ್ಟರ್: "ಮನೀಗೆ ಬಾ, ಮನೀಗೆ ಬಾ, ಹಿಂದ ಸರೀರಿ ಯಕ್ಕಾ." ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತಿದ್ದ ಮುದುಕಿ ಖರೇ ಕಂಡಕ್ಟರನೇ ಅಂದನೆಂದು ಕಾಲು ಹಿಂದಕ್ಕೆಳೆದುಕೊಂಡಳು. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಖುಷಿಯೂ ಆಯಿತು. ದನಿ ಅಷ್ಟು ಚೊಕ್ಕಾಗಿ ಬಂದಿತ್ತಲ್ಲ! ಈ ಖುಷಿಯೇ ತನ್ನ ರೋಗ ಎಂದೂ ಅನ್ನಿಸಿತು. ಮೇಡ್ಲೇರಿಯಲ್ಲಿ ಹುಟ್ಟಿ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಬೆಳಕಿನ ಧ್ರುವೀಕರಣ ಕಲಿಸುತ್ತ, ಊರಿನಲ್ಲಿ ಬೇರೆಯವರ ದನಿಯ ಅನುಕರಣಕ್ಕೆ ಹೆಸರಾದವನು ಅವನು. ಸಂಬಳ ಮೊದಲನೆಯದಕ್ಕೆ, ಚಪ್ಪಾಳೆ ಎರಡನೆಯದಕ್ಕೆ. ಆದರೆ ಇವತ್ತು ಬೇಕಾಗಿದ್ದದ್ದು ಎರಡೂ ಅಲ್ಲ. ಶೇಖವ್ವ ಮುನಿಸಿಕೊಂಡು ಬ್ಯಾಡಗಿಯ ತವರಿಗೆ ಹೋಗಿ, ಶಿವರಾತ್ರಿ ಬಂದು ಹೋಗಿ, ಅಂಗಳದ ತುಳಸಿ ಅವನ ಕೈಯ ನೀರು ಕುಡಿದು ಬಾಡಿ, ಈಗ ಅವಳನ್ನು ಕರೆತರಬೇಕಾಗಿತ್ತು. ಅದಕ್ಕೆ ಒಂದೇ ಒಂದು ವಾಕ್ಯವನ್ನು ತನ್ನ ಸ್ವಂತ ದನಿಯಲ್ಲಿ ಹೇಳಬೇಕಾಗಿತ್ತು. ಉಳಿದ ಯಾವ ದನಿಯಲ್ಲಿ ಹೇಳಿದರೂ ಅವಳಿಗೆ ಗೊತ್ತಾಗುತ್ತದೆ. ಅವನ ಪೆಟ್ಟಿಗೆಯಲ್ಲಿರುವ ಎಲ್ಲ ದನಿಗಳೊಡನೆಯೂ ಸಂಸಾರ ಮಾಡಿದವಳು ಅವಳು.

ಕಿಟಕಿಯ ಸರಳಿನ ಮೇಲಿಟ್ಟ ಬಲಗೈ ಬೆರಳಿನಲ್ಲಿ ಉಂಗುರ ಇತ್ತು. ಬಸ್ಸು ತಿರುಗಿದ ಹಾಗೆ ಬಿಸಿಲು ತಿರುಗಿ ಹಸಿರು ಕಲ್ಲು ಒಮ್ಮೆ ಬೆಳಗಿ ಒಮ್ಮೆ ಇದ್ದಿಲಾಗುತ್ತಿತ್ತು. ಮದುವೆಯಲ್ಲಿ ಮಾವ ಗುಡದಪ್ಪನವರು ಹಾಕಿದ ಉಂಗುರ. ಜೋಯಿಸರು ಅವನ ಜಾತಕ ನೋಡಿ, ಬುಧ ನೀಚನಾಗ್ಯಾನ, ಬುಧ ಅಂದ್ರ ಮಾತಿನ ಗ್ರಹ, ಪಚ್ಚೆ ಹಾಕಬೇಕು ಅಂದಿದ್ದರಂತೆ. ಗುಡದಪ್ಪ ಮುಚ್ಚುಮರೆ ಇಲ್ಲದೆ ಮಂಟಪದಲ್ಲೇ ಹೇಳಿದ್ದರು: "ಪಚ್ಚಿ ಅಲ್ರಿ ಅಳಿಯಂದ್ರ, ಟುರ್ಮಲಿ. ಪಚ್ಚಿ ಕೆಲಸಾನ ಮಾಡ್ತೈತಿ." ಅಂದಾನೆಪ್ಪ ಆಗಲೇ, ಅಕ್ಷತೆ ಇನ್ನೂ ತಲೆಯ ಮೇಲಿರುವಾಗಲೇ, "ಅಂದ್ರ ಇದು ಬದಲಿ ಮಾಸ್ತರ್ರು ಅನ್ರಿ" ಎಂದು ನಗಿಸಿದ್ದ. ಮುಂದೆ ಆ ಕಲ್ಲೇ ಅವನನ್ನು ನಗಿಸತೊಡಗಿತು. ಕಾಲೇಜಿನ ಪ್ರಯೋಗಶಾಲೆಯ ಕಪಾಟಿನಲ್ಲಿ ಅದೇ ಕಲ್ಲಿನ, ತಂತಿಯ ಇಕ್ಕಳಕ್ಕೆ ಸಿಕ್ಕಿಸಿದ ಎರಡು ಟೂರ್ಮಲಿನ್ ಬಿಲ್ಲೆಗಳಿದ್ದವು. ಒಂದರ ಹಿಂದೆ ಒಂದನ್ನು ಹಿಡಿದರೆ ಕಿಟಕಿಯ ಬೆಳಕು ಹಸಿರಾಗಿ ಹಾದು ಬರುತ್ತದೆ; ಒಂದನ್ನು ಹಾಗೇ ಅಡ್ಡಕ್ಕೆ ತಿರುಗಿಸಿದರೆ ಎರಡೂ ಕೂಡಿ ಕಗ್ಗತ್ತಲು. ಎರಡೂ ಸ್ವಚ್ಛ, ಎರಡೂ ಪಾರದರ್ಶಕ, ನಡುವೆ ಮಾತ್ರ ಕತ್ತಲು. ಪ್ರತಿ ವರ್ಷ ಇದನ್ನು ತೋರಿಸುವಾಗ ಅವನು ಹುಡುಗರಿಗೆ, "ಇದು ಮದಿವಿ ಮೊದಲು, ಇದು ಮದಿವಿ ಆದಮ್ಯಾಲ" ಎನ್ನುತ್ತಿದ್ದ. ಹುಡುಗರು ಬೆಂಚು ಬಡಿಯುತ್ತಿದ್ದರು. ಈ ವರ್ಷ ಶೇಖವ್ವ ಹೋದ ಮರುವಾರವೇ ಆ ಪಾಠ ಬಂತು. ಇಕ್ಕಳ ತಿರುಗಿಸಿದ. ಕತ್ತಲಾಯಿತು. ಹುಡುಗರು ಬೆಂಚಿನ ಮೇಲೆ ಕೈ ಎತ್ತಿ ಸಿದ್ಧವಾಗಿ ಕಾಯುತ್ತಿದ್ದರು, ಕಳೆದ ವರ್ಷದವರಿಂದ ಕೇಳಿ ತಿಳಿದಿದ್ದರಲ್ಲ. ಅವನು ಇಕ್ಕಳವನ್ನು ಕಪಾಟಿನಲ್ಲಿಟ್ಟ. ಎತ್ತಿದ ಕೈಗಳು ಮೆಲ್ಲಗೆ ಕೆಳಗಿಳಿದವು.

ಮೋಟೆಬೆನ್ನೂರು ದಾಟಿದಾಗ ಹೊಲಗಳಲ್ಲಿ ಹರವಿದ ಮೆಣಸಿನಕಾಯಿ ಕಂಡಿತು, ಭೂಮಿಗೆ ಯಾರೋ ಕೆಂಪು ಜಮಖಾನೆ ಹಾಸಿ ಅತಿಥಿಗಳು ಬಾರದೆ ಹೋದ ಹಾಗೆ. ರಾಣೆಬೆನ್ನೂರಿನ ಪೇಟೆಯಲ್ಲಿ ಉಂಗುರಕ್ಕೆ ಹರಳು ಕೂಡಿಸುವ ಅಲ್ಲಾವುದ್ದೀನ ನೆನಪಾದ. ಹಿಡಿ ಸಡಿಲವಾಗಿದೆ ಎಂದು ಉಂಗುರ ಒಯ್ದಾಗ ಅವನು ನೀಲಿ ಕಾಗದದ ಪೊಟ್ಟಣಗಳನ್ನು ಒಂದೊಂದೇ ಬಿಚ್ಚಿ ತೋರಿಸಿದ್ದ. ಕೆಂಪು, ಹಳದಿ, ನೀಲಿ, ಜೇನಿನ ಬಣ್ಣ, ಕರಿ, ಮತ್ತೆ ಹೊರಗೆ ಹಸಿರು ಒಳಗೆ ಕೆಂಪು ಇರುವ ಒಂದು ತುಣುಕು. ಎಲ್ಲವೂ ಟುರ್ಮಲಿಯೇ. "ಇದಕ್ಕ ಕಲ್ಲಂಗಡಿ ಅಂತಾರ್ರಿ ಸಾಹೇಬ್ರ" ಎಂದ. "ಕಲ್ಲಂಗಡ್ಯಾಗ ಕಲ್ಲಂಗಡಿ ಇಲ್ದ ಮತ್ತೇನ್ ಇರತೈತಿ" ಎಂದ ಅಂದಾನೆಪ್ಪ. ಅಲ್ಲಾವುದ್ದೀನ ನಗಲಿಲ್ಲ, ಈ ಮಾತು ಅವನ ಅಂಗಡಿಯ ಹೊಸ್ತಿಲು ದಾಟಿದ ಪ್ರತಿ ಓದಿದವನೂ ಆಡಿರಬೇಕು. "ಬಹುರೂಪಿ ಐತ್ರಿ ಇದು. ಪಚ್ಚಿ ಮಗ್ಗಲಿಗೆ ಇಟ್ರ ಪಚ್ಚಿ, ಮಾಣಿಕ ಮಗ್ಗಲಿಗೆ ಇಟ್ರ ಮಾಣಿಕ. ರಾಜರ ಕಿರೀಟದಾಗ ಮಾಣಿಕ ಅಂತ ಕುಂತು ತಲೆಮಾರುಗಟ್ಲೆ ಸಲಾಮು ಹೊಡಿಸ್ಕೊಂಡೈತಂತ. ಭೂಮಿ ಹೊಟ್ಟ್ಯಾಗಿಂದ ಸೂರ್ಯನ ಕಡೆ ಹೊಂಟಾಗ ಕಾಮನಬಿಲ್ಲಿನ ಮ್ಯಾಲೆ ಕಾಲಿಟ್ಟು ಹೋತಂತ, ಅಷ್ಟೂ ಬಣ್ಣ ಅಂಟಿಕೊಂಡ್ವು." "ಹಂಗಾರ ಇದರ ಸ್ವಂತ ಬಣ್ಣ ಯಾವ್ದು?" "ಅದನ್ನ ಕೇಳಬಾರ್ದ್ರಿ," ಅಲ್ಲಾವುದ್ದೀನ ಪೊಟ್ಟಣ ಮಡಚುತ್ತ ಅಂದ, "ಧಂದೆ ಕೆಡತೈತಿ." ಆ ದಿನ ಅಂದಾನೆಪ್ಪ ಮನೆಗೆ ಹೋಗಿ ಅಲ್ಲಾವುದ್ದೀನನ ದನಿಯಲ್ಲಿ ಇಡೀ ಸಂಭಾಷಣೆಯನ್ನು ಶೇಖವ್ವನಿಗೆ ಮಾಡಿ ತೋರಿಸಿದ್ದ. ಅವಳು ನಕ್ಕು ನಕ್ಕು ರೊಟ್ಟಿ ಹೊತ್ತಿಸಿದ್ದಳು. ಆಮೇಲೆ ಹಂಚಿನ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಕೇಳಿದ್ದಳು: "ನೀವು ಏನಂದ್ರಿ ಅವಂಗ?" ತಾನು ಅಂದದ್ದನ್ನು ಹೇಳಿದ. "ಅಲ್ಲ, ಅಂವ ಹೆಂಗ ಅಂದ ಅಂತ ಮಾಡಿ ತೋರಿಸಿದ್ರಿ. ನೀವು ಹೆಂಗ ಅಂದ್ರಿ?" ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಸಂಜೆ ಬೇಡವೆಂದರೂ ನೆನಪಿಗೆ ಬಂದೇ ಬಂತು. ಕಾಲೇಜಿನ ಅಂಗಳದಲ್ಲಿ ಪೆಂಡಾಲು, ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರ ಹೆಂಡಂದಿರು, ನಡುವೆ ಶೇಖವ್ವ ಹೊಸ ಇಳಕಲ್ ಸೀರೆಯಲ್ಲಿ. ಅವನು ಪ್ರಿನ್ಸಿಪಾಲರನ್ನು ಮಾಡಿದ, ಗುಮಾಸ್ತನನ್ನು ಮಾಡಿದ, ಮೈಕಿಗೆ ಹೆದರುವ ಗ್ರಂಥಪಾಲಕನನ್ನು ಮಾಡಿದ. ಜನ ಇನ್ನೂ ಬೇಕು ಇನ್ನೂ ಬೇಕು ಎಂದರು. ದನಿಗಳು ಮುಗಿದಿದ್ದವು, ನಾಲಿಗೆ ತಾನಾಗಿ ಬ್ಯಾಡಗಿಗೆ ಹೋಯಿತು. "ಈಗೊಬ್ರು ದಲಾಲಿ ಸಾಹುಕಾರ್ರು" ಎಂದು ಶುರು ಮಾಡಿದ. ಮೆಣಸಿನಕಾಯಿ ದಲಾಲಿಯಾದ ಗುಡದಪ್ಪನವರಿಗೆ ಉಬ್ಬಸ. ನಾಲ್ಕು ಮಾತಿಗೆ ಒಂದು ಸಲ ಉಸಿರು ಸಿಕ್ಕಿಕೊಂಡು, ಎದೆಯೊಳಗೆ ಸಣ್ಣ ಸಿಳ್ಳೆ ಊದಿ, ಆಮೇಲೆ ಕ್ರಿಯಾಪದ ಬರುತ್ತದೆ. ಅಲ್ಲಿಯವರೆಗೆ ಕೇಳುವವನು ಮಾಲು ಮಾರಿತೋ ಉಳಿಯಿತೋ, ಮಳೆ ಬಂತೋ ಹೋಯಿತೋ ತಿಳಿಯದೆ ಬಾಯಿ ತೆರೆದು ನಿಂತಿರಬೇಕು. ಆ ಬಿಡುವನ್ನೇ ಅವನು ಹಿಡಿದ. ಹಿಡಿದು ಎಳೆದ. ಇನ್ನೂ ಎಳೆದ. ಇಡೀ ಪೆಂಡಾಲು ಉಸಿರು ಬಿಗಿಹಿಡಿಯಿತು, ಆಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಆ ಸಿಳ್ಳೆಗೆ ಸಿಳ್ಳೆ ಸೇರಿಸಿದ, ನಗೆ ತಗಡು ಹಾರಿದ ಹಾಗೆ ಎದ್ದಿತು. ಆ ನಗೆಯ ಮೇಲಿಂದ ಅವನು ಶೇಖವ್ವನನ್ನು ಕಂಡ. ಕುರ್ಚಿಯ ಎರಡೂ ತೋಳು ಹಿಡಿದು ಅರ್ಧ ಎದ್ದಿದ್ದಳು. ಯಾರೋ ಬಿದ್ದಾಗ ಹಿಡಿಯಲು ಏಳುವ ಹಾಗೆ. ಮನೆಗೆ ಬಂದಮೇಲೆ ಅವಳು ಜಗಳ ಆಡಲಿಲ್ಲ. ಮರುದಿನ, "ಸೀಜನ್ ಐತಿ, ಅವ್ವಗ ಕೈ ಸಾಲಂಗಿಲ್ಲ" ಎಂದು ಸೂಟ್‌ಕೇಸು ಹಿಡಿದು ಹೋದಳು. ಜಗಳ ಆಡಿದ್ದರೆ ಅವನ ಹತ್ತಿರ ಉತ್ತರಗಳಿದ್ದವು.

ಬ್ಯಾಡಗಿಯಲ್ಲಿ ಇಳಿದ ಕೂಡಲೇ ಸೀನು ಬಂತು. ಆ ಊರಿನಲ್ಲಿ ಮಾಗಿ ಮುಗಿಯುವ ಹೊತ್ತಿಗೆ ಗಾಳಿಯೇ ಮಸಾಲೆ. ಆದರೂ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಊರ ಜನರ ಅಹಂಕಾರದಲ್ಲೂ ಖಾರ ಕಡಿಮೆಯೇ. ಮಾವನ ಅಂಗಡಿ ಮುಂದೆ, ಮನೆ ಹಿಂದೆ. ಹಜಾರದಲ್ಲಿ ಹೆಣ್ಣುಮಕ್ಕಳು ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಅವರ ನಡುವೆ ಶೇಖವ್ವನೂ ಇದ್ದಳು. ಅವನನ್ನು ನೋಡಿ ಎದ್ದು, ಮಡಿಲಿನ ತೊಟ್ಟು ಕೊಡವಿ, ಒಳಗೆ ಹೋದಳು. ಮುಖ ಕಾಣಿಸಲಿಲ್ಲ, ಬರೀ ಸೆರಗಿನ ಮೇಲಿನ ಎರಡು ಕಣ್ಣು.

"ಬರ್ರಿ ಅಳಿಯಂದ್ರ," ಗುಡದಪ್ಪ ಗಾದಿಯ ಮೇಲಿಂದಲೇ ಕೈ ಮಾಡಿದರು, "ಬಿಸಲಾಗ ಬಸ್ಸಿನ್ಯಾಗ ನಿಂತ್ಕೊಂಡ…" ಸಿಳ್ಳೆ, "ಬಂದ್ರಿ? ಕುಂದರ್ರಿ. ಮೈಲವ್ವಾ, ಚಾ ಬರ್ಲಿ."

ಅವರಿಗೆ ಏನೂ ಗೊತ್ತಿಲ್ಲ. ಮಗಳು ಹೇಳಿಲ್ಲ. ಈ ತಿಳಿವು ಅವನಿಗೆ ಸಮಾಧಾನ ಕೊಡಬೇಕಾಗಿತ್ತು, ಕೊಡಲಿಲ್ಲ. ಗುಟ್ಟು ಬಯಲಾಗಿದ್ದರೆ ಒಂದು ಸಲ ಬೈಸಿಕೊಂಡು ಮುಗಿಸಬಹುದಿತ್ತು. ಅತ್ತೆ ಮೈಲವ್ವ ಹಬೆಯಾಡುವ ಸ್ಟೀಲಿನ ಗ್ಲಾಸು ಕೈಗಿಟ್ಟು, "ತೆಳ್ಳಗಾಗೀರಿ. ಕೈಯಾರೆ ಅಡಗಿ ಮಾಡ್ಕೊಂಡ್ರ ಹಿಂಗ" ಎಂದಳು. ಗ್ಲಾಸು ಸುಡುತ್ತಿತ್ತು. ಕೆಳಗಿಟ್ಟರೆ ಅತ್ತೆಗೆ ಬೇಸರವಾದೀತೆಂದು ಬೆರಳು ಬದಲಿಸುತ್ತ, ಉಂಗುರವನ್ನೇ ಗ್ಲಾಸಿಗೆ ಆನಿಸಿ ಹಿಡಿದುಕೊಂಡ. ಮಾವ ಈ ವರ್ಷದ ಮಾಲಿನ ಮಾತು ತೆಗೆದರು. ಅಂದಾನೆಪ್ಪ ಹ್ಞೂಂಗುಟ್ಟುತ್ತ ಒಳಗೊಳಗೆ ತನ್ನ ವಾಕ್ಯವನ್ನು ಒರೆಸಿ ಒರೆಸಿ ಇಡುತ್ತಿದ್ದ. ಶೇಖವ್ವ ನಡುವಿನ ಬಾಗಿಲಿಗೆ ಬಂದು ನಿಂತಳು. ಈಗ, ಎಂದುಕೊಂಡ. ಗ್ಲಾಸು ಕೆಳಗಿಟ್ಟು, ಕನ್ನಡಕ ತೆಗೆದು, ಬೆವರಿದ ರೆಪ್ಪೆಯನ್ನು ಬೆರಳ ಬೆನ್ನಿನಿಂದ ಒರೆಸಿಕೊಂಡು ಬಾಯಿ ತೆರೆದ. ಕಣ್ಣಿಗೆ ಬೆಂಕಿ ಬಿತ್ತು.

ಭೌತಶಾಸ್ತ್ರದ ಮಾಸ್ತರನಾಗಿ ಅವನಿಗೆ ಆ ಕ್ಷಣದಲ್ಲೇ ಕಾರಣ ಹೊಳೆಯಿತು, ಅದೇ ಅವನ ದುರ್ದೈವ. ಟೂರ್ಮಲಿನ್ ಕಾಯಿಸಿದರೆ ಅದರ ಎರಡು ತುದಿಗೆ ಎರಡು ಬಗೆಯ ವಿದ್ಯುತ್ತು ಕೂಡುತ್ತದೆ, ಹತ್ತಿರದ ಹಗುರ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಸಿಲೋನಿನಿಂದ ಈ ಕಲ್ಲು ಒಯ್ದ ಡಚ್ಚರು ಅದನ್ನು ಕಾಯಿಸಿ ಪೈಪಿನ ಬೂದಿ ಎಳೆಯಲು ಬಳಸುತ್ತಿದ್ದರಂತೆ, ಬೂದಿ ಎಳೆಯುವ ಕಲ್ಲು ಅಂತಲೇ ಹೆಸರಿಟ್ಟಿದ್ದರಂತೆ. ಕಾಲೇಜಿನಲ್ಲಿ ಊದಿನಕಡ್ಡಿಯ ಬೂದಿ ಇಟ್ಟು ಇದನ್ನು ತೋರಿಸಲು ಅವನು ಎಷ್ಟೋ ಸಲ ಹೆಣಗಿದ್ದ. ಮಳೆಗಾಲದ ತೇವಕ್ಕೋ ಏನೋ, ಒಂದು ಸಲವೂ ಬೂದಿ ಅಲುಗಿರಲಿಲ್ಲ, ಹುಡುಗರು ಆಕಳಿಸಿದ್ದರು. ಈಗ ಬ್ಯಾಡಗಿಯ ಒಣ ಗಾಳಿಯಲ್ಲಿ, ಅತ್ತೆಯ ಚಹಾದ ಬಿಸಿಯಲ್ಲಿ, ಹಜಾರದ ಮೆಣಸಿನಕಾಯಿ ಧೂಳು ಉಂಗುರಕ್ಕೆ ಮುತ್ತಿ ಪ್ರಯೋಗ ಯಶಸ್ವಿಯಾಗಿತ್ತು, ಅವನ ಬಲಗಣ್ಣಿನಲ್ಲಿ. ನೋವಿನ ನಡುವೆಯೂ 'ಆತಲ್ಲ!' ಎಂದು ಹಿಗ್ಗಿದ. ನೀರು ದಳದಳ ಇಳಿಯಿತು. ಮೂಗು ಸೋರಿತು. ತೆರೆದ ಬಾಯಿ ತೆರೆದೇ ಇತ್ತು.

"ಏ ಮೈಲವ್ವಾ," ಗುಡದಪ್ಪನವರ ದನಿ ಒಡೆಯಿತು, "ಅಳಿಯಂದ್ರು ಅಳಾಕತ್ತಾರ ನೋಡು. ಹೆಂಡ್ತಿ ಬಿಟ್ಟಿರೋದು ಅಷ್ಟ…" ಸಿಳ್ಳೆ, "ಆಗೂದಿಲ್ಲ ಅವರಿಗೆ. ಶೇಖಾ, ಅರಿವಿ ಕಟ್ಟು. ಇವತ್ತ ಹೋಗು."

ಮೈಲವ್ವ ಮೂಗು ಒರೆಸಿಕೊಂಡಳು. ತೊಟ್ಟು ಬಿಡಿಸುತ್ತಿದ್ದವರಲ್ಲಿ ಒಬ್ಬಾಕೆ, ದುರಗವ್ವ, "ನಮ್ಮನ್ಯಾವ ಒಂದಿನ ಹಿಂಗ ಅತ್ತಿದ್ರ ನಾ ತೌರುಮನಿ ದಾರಿನ ಮರೀತಿದ್ದೆ" ಎಂದಳು. ಅಂದಾನೆಪ್ಪನಿಗೆ ಗೊತ್ತಾಯಿತು, ಸುಮ್ಮನಿದ್ದರೆ ಸಾಕು, ಕೆಲಸ ಆಗಿಯೇ ಹೋಯಿತು. ಒಂದೂ ಮಾತಿಲ್ಲದೆ, ಯಾರ ದನಿಯೂ ಇಲ್ಲದೆ. ಪಚ್ಚೆಯ ಕೆಲಸವನ್ನು ಟುರ್ಮಲಿ ಮಾಡಿದ ಹಾಗೆ ಪಶ್ಚಾತ್ತಾಪದ ಕೆಲಸವನ್ನು ಮೆಣಸಿನಕಾಯಿ ಮಾಡಿತ್ತು. ಅವನು ಸುಮ್ಮನಿದ್ದ. ಸುಮ್ಮನಿದ್ದದ್ದಕ್ಕೆ ಎಡಗಣ್ಣೂ ಸ್ವಲ್ಪ ಒದ್ದೆಯಾಯಿತೋ ಏನೋ.

"ಹಿತ್ತಲಕ್ಕ ಬರ್ರಿ," ಎಂದಳು ಶೇಖವ್ವ.

ಹಿತ್ತಲಿನ ಕಲ್ಲುದೋಣಿಯ ಪಕ್ಕ ಅವನನ್ನು ಬಗ್ಗಿಸಿ ತಂಬಿಗೆಯಿಂದ ಕಣ್ಣಿಗೆ ನೀರು ಹೊಯ್ದಳು. ಸೋಪು ಹಚ್ಚಿ ಉಂಗುರ ಕಳಚಿದಳು. "ಒಂದ ಕಣ್ಣಾಗ ಅಳು ಬರೋ ಗಂಡಸನ್ನ ಇವತ್ತ ನೋಡಿದೆ. ನಾ ಬ್ಯಾಡಗ್ಯಾಕಿ ಅದೀನ್ರಿ. ಖಾರದ ನೀರು ಯಾವ್ದು, ಕಣ್ಣೀರು ಯಾವ್ದು ನನಗ ಹೇಳಿ ಕೊಡ್ತೀರೇನು?"

"ನಾ ಅಳಾಕತ್ತೇನಿ ಅಂತ ಹೇಳಿಲ್ಲಲ್ಲ."

"ಅಲ್ಲ ಅಂತಾನೂ ಹೇಳಲಿಲ್ಲ."

ಅವನು ಮುಖ ಎತ್ತಿದ. ನೀರು ಅಂಗಿಯೊಳಗೆ ಇಳಿಯುತ್ತಿತ್ತು. "ತಪ್ಪಾತು" ಎಂದ. ಯಾರ ದನಿ ಎಂದು ನೋಡಿಕೊಳ್ಳಲು ಹೊತ್ತಿರಲಿಲ್ಲ. ಮೂಗು ಕಟ್ಟಿತ್ತು, ಪ್ರಿನ್ಸಿಪಾಲರದೇ ಇದ್ದರೂ ಇದ್ದೀತು. "ಮಾವಾರ ದನಿ ನಾ ತೆಗೀಬಾರ್ದಿತ್ತು."

"ದನಿ ತೆಗದದ್ದಕ್ಕ ನನಗ ಸಿಟ್ಟಿಲ್ಲ." ಅವಳು ಉಂಗುರವನ್ನು ಉಜ್ಜುತ್ತಿದ್ದಳು. "ಸಣ್ಣಾಕಿದ್ದಾಗ ಅಪ್ಪನ ಮಗ್ಗಲಿಗೆ ಮಲಗತಿದ್ದೆ. ಆ ಸಿಳ್ಳಿ ಕೇಳ್ಕೋತನ ನಿದ್ದಿ ಹತ್ತತಿತ್ತು. ಅದು ನಿಂತ್ರ ಎಚ್ಚರಾಗತಿತ್ತು. ಮತ್ತ ಶುರುವಾಗೂ ತನಕ ಕುಂದರತಿದ್ದೆ. ನೀವು ಅವತ್ತ ಅದನ್ನ ನಿಲ್ಲಿಸಿದ್ರಿ. ನಿಲ್ಲಿಸಿ ಜನಾನ್ನ ನಗಿಸಿದ್ರಿ." ಅವಳು ಕಲ್ಲನ್ನು ಬಿಸಿಲಿಗೆ ಹಿಡಿದು ಅಡ್ಡಲಾಗಿ ತಿರುಗಿಸಿದಳು. "ಇದು ಈ ಮಗ್ಗಲಾಗಿಂದ ನೋಡಿದ್ರ ಕರ್ರಗ ಐತಿ. ನೋಡೀರೇನು?"

ದಿಕ್ಕು ಬದಲಾದರೆ ಬಣ್ಣ ಬದಲಾಗುವ ಹರಳುಗಳ ಬಗ್ಗೆ ಅವನ ಹತ್ತಿರ ಮುಕ್ಕಾಲು ತಾಸಿನ ಪಾಠ ಸಿದ್ಧವಿತ್ತು. "ನೋಡೇನಿ" ಎಂದಷ್ಟೇ ಅಂದ.

"ಹಂಗಾರ ಒಂದು ಮಾಡ್ರಿ. ಹಿಂದ ಮಾಡಿದ್ದನ್ನ ಮುಂದ ಮಾಡ್ರಿ. ಅಪ್ಪನ ಎದುರಿಗೆ ಅಪ್ಪನ ದನಿ. ನಾ ಬರ್ತೇನೋ ಇಲ್ಲೋ ಆಮ್ಯಾಲ ಹೇಳ್ತೇನಿ."

"ಶೇಖಾ, ನೆಲ ಬಾಯಿ ಬಿಟ್ರ ಒಳಗ ಹೋಗ್ತೇನಿ ನಾ."

"ನಮ್ಮ ಹಜಾರದ ನೆಲ ಗಟ್ಟಿ ಐತಿ. ನಡೀರಿ."

ಮತ್ತೆ ಗಾದಿಯ ಮುಂದೆ ಬಂದು ಶಾಲೆಯ ಹುಡುಗನ ಹಾಗೆ ಕೂತ. "ಯಪ್ಪಾ, ಇವ್ರು ಗ್ಯಾದರಿಂಗಿನ್ಯಾಗ ಮಾಡಿದ ಒಂದು ದನಿ ತೋರಿಸ್ತಾರಂತ" ಎಂದು ಹೇಳಿ ಶೇಖವ್ವ ಗೋಡೆಗೆ ಆತು ನಿಂತಳು. ಗುಡದಪ್ಪ ಖುಷಿಯಿಂದ ಲೋಡಿಗೆ ಒರಗಿದರು. ಓಡಿಹೋಗುವ ದಾರಿಗಳನ್ನೆಲ್ಲ ಅವನು ಒಮ್ಮೆ ನೋಡಿದ. ಪ್ರಿನ್ಸಿಪಾಲರನ್ನು ಮಾಡಿ ಮುಗಿಸಬಹುದು. ಮಾವ ಅವರನ್ನು ಕಂಡಿಲ್ಲ. ಶೇಖವ್ವ ನೋಡುತ್ತಲೇ ಇದ್ದಳು. ಅವನು ಕಣ್ಣು ಮುಚ್ಚಿದ.

"ಮೈಲವ್ವಾ, ಅಳಿಯಂದ್ರಿಗೆ ಇನ್ನೊಂದು ವಾಟಿ ಚಾ…"

ಇಲ್ಲಿ ಉಸಿರು. ಗ್ಯಾದರಿಂಗಿನಲ್ಲಿ ಅವನು ಇಲ್ಲಿ ಸುಮ್ಮನೆ ಕಾದಿದ್ದ, ಕಾದು ನಗೆ ಕೊಯ್ದಿದ್ದ. ಈಗ ಎಳೆಯಲು ಮನಸ್ಸಾಗಲಿಲ್ಲ. ನಿಜವಾಗಿ ಎದೆಯ ಗಾಳಿಯೆಲ್ಲ ಹೊರಹಾಕಿ, ಒಳಗೆ ಒಂದು ಸಣ್ಣ ಕಿಂಡಿ ಮಾತ್ರ ಬಿಟ್ಟು ಎಳೆದುಕೊಂಡ. ಕಿಂಡಿ ಸಾಲಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು. ಮುಂದಿನ ಮಾತು ಅಲ್ಲೇ, ಕೈಗೆಟಕುವ ದೂರದಲ್ಲಿದೆ, ಆದರೆ ಅದನ್ನು ಮುಟ್ಟಲು ಬೇಕಾದಷ್ಟು ಗಾಳಿ ಇಲ್ಲ. ಹೀಗೋ ಇದು, ಎಂದುಕೊಂಡ. ದಿನಕ್ಕೆ ಎಷ್ಟು ಸಲ! ಕೊನೆಗೆ ಸಿಳ್ಳೆ ತಾನಾಗಿ ಊದಿತು.

"ಕುಡಸು. ಈ ವರ್ಷದ ಮಾಲಿನ ಬಣ್ಣ… ನೋಡ್ರಿ, ಲಕಲಕ ಅಂತೈತಿ."

ಹಜಾರದಲ್ಲಿ ತೊಟ್ಟು ಮುರಿಯುವ ಸದ್ದು ನಿಂತಿತು. ಕಣ್ಣು ತೆರೆದ. ಗುಡದಪ್ಪ ಲೋಡು ಬಿಟ್ಟು ನೆಟ್ಟಗೆ ಕೂತಿದ್ದರು. "ಇನ್ನೊಮ್ಮೆ," ಎಂದರು.

ಇನ್ನೊಮ್ಮೆ ಮಾಡಿದ.

"ಮೈಲವ್ವಾ! ಏ, ಬಾ ಇಲ್ಲೆ ಲಗೂನ. ನಮ್ಮಪ್ಪ ಬಂದಾನ!" ಅವರ ಕಣ್ಣು ತುಂಬಿತ್ತು, ಎರಡೂ. "ಅಳಿಯಂದ್ರ, ನಮ್ಮಪ್ಪನ್ನ ನೀವು ಯಾವಾಗ ನೋಡಿದ್ರಿ? ತೀರಿ ಎಷ್ಟು ಕಾಲ… ಆತು! ಥೇಟ್ ಅವನ ದನಿ. ಥೇಟ್ ಅವನ ದಮ್ಮು. ಅವಂಗ ದಮ್ಮಿತ್ತು ನೋಡ್ರಿ. ನನಗ ದೇವ್ರ ದಯಾದಿಂದ ಅಷ್ಟ…" ಸಿಳ್ಳೆ, "ಇಲ್ಲ."

ಮೈಲವ್ವ ಗಂಡನನ್ನು ನೋಡಿದಳು, ಅಳಿಯನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಣ್ಣುಮಕ್ಕಳು ರಾಶಿಯ ಮೇಲೆ ಬಗ್ಗಿ ಭುಜ ಕುಣಿಸಿದರು. ಅಂದಾನೆಪ್ಪ ಶೇಖವ್ವನ ಕಡೆ ನೋಡಿದ. ಅವಳು ಗೋಡೆಗೆ ತಲೆ ಆನಿಸಿ ನಗುತ್ತಲೂ ಇದ್ದಳು, ಗಲ್ಲ ಒರೆಸಿಕೊಳ್ಳುತ್ತಲೂ ಇದ್ದಳು, ಆಮೇಲೆ ಒಳಗೆ ಹೋಗಿಬಿಟ್ಟಳು.

"ನೋಡಿಲ್ರಿ ಮಾವಾರ. ಕೇಳಿದ್ದು," ಎಂದ ಅವನು.

"ಯಾರೋ ಹೇಳಿರಬೇಕು. ಇರ್ಲಿ, ಇರ್ಲಿ, ಹೋಗಬ್ಯಾಡ್ರಿ, ಹಂಗ ಇರ್ರಿ." ಗುಡದಪ್ಪ ಗಾದಿಯ ತುದಿಗೆ ಸರಿದು, ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಯಪ್ಪಾ, ಒಂದು ಮಾತು ಕೇಳ್ತೇನಿ. ಹುಡುಗಿನ್ನ ಇವತ್ತ ಕಳಸ್ಲ್ಯೋ, ಸೀಜನ್ ಮುಗದ ಮ್ಯಾಲ… ಕಳಸ್ಲ್ಯೋ?"

ಇದಕ್ಕಿಂತ ಸುಲಭದ ಹೊತ್ತು ಮತ್ತೆ ಬರುವುದಿಲ್ಲ. ಸತ್ತ ಹಿರಿಯನ ದನಿ ಬಾಯಲ್ಲಿತ್ತು, 'ಇವತ್ತ ಕಳಸು' ಎಂದರೆ ಯಾರೂ ಎದುರಾಡುವಂತಿರಲಿಲ್ಲ. ಅವನು ಆ ಕಿಂಡಿಯಿಂದ ಗಾಳಿ ಎಳೆದುಕೊಂಡ.

"ಆಕಿನ್ನ…" ಸಿಳ್ಳೆ, "ಕೇಳು."

ಗುಡದಪ್ಪ ತಲೆಯಾಡಿಸಿ, ಒಳಗೆ ಮುಖ ಮಾಡಿ ಕೂಗಿದರು: "ಏನ್ವಾ, ಮುತ್ಯಾ ಕೇಳಾಕತ್ತಾನ. ಹೋಗ್ತೀಯೋ, ಇರ್ತೀಯೋ?"

ಒಳಗಿನಿಂದ ಒಂದು ಗಂಡಸಿನ ದನಿ ಬಂತು. ಗಡಿಬಿಡಿಯ ದನಿ, ಮಾತಿನ ಬಾಲವನ್ನು ನುಂಗುವ, ಪ್ರತಿ ಮಾತನ್ನೂ ತುದಿಯಲ್ಲಿ ಮೇಲಕ್ಕೆತ್ತಿ ಕೇಳುವವನ ಕೈಗೆ ಬೇಕೋ ಬೇಡವೋ ಎಂದು ಒಡ್ಡುವ, ನಗಿಸದಿದ್ದರೆ ಹೊಡೆದಾರೆಂಬ ಹೆದರಿಕೆಯ ಸಣ್ಣ ಹುಡುಗನೊಬ್ಬ ಒಳಗೆ ಕೂತಿರುವ ದನಿ: "ಹೋಗೋಣಂತ, ಹೌದಿಲ್ಲೋ? ಹೋಗೂದ ಅಂದಮ್ಯಾಲ ಲಗೂನ ಹೋಗೂದು ಚಲೋ, ಹೌದಿಲ್ಲೋ ಮತ್ತ? ಕೊನೀ ಬಸ್ಸಿಗೆ ಗದ್ದಲ ಭಾಳ, ಹೌದಿಲ್ಲೋ?"

ಹಜಾರ ಬಿದ್ದು ಬಿದ್ದು ನಕ್ಕಿತು. ದುರಗವ್ವ ಕೈಯಲ್ಲಿದ್ದ ಮೆಣಸಿನಕಾಯಿ ಚೆಲ್ಲಿದಳು. ಗುಡದಪ್ಪನವರಿಗೆ ನಗೆಗೆ ಉಬ್ಬಸ ಕೂಡಿ ಮೈಲವ್ವ ಬೆನ್ನು ತಿಕ್ಕಬೇಕಾಯಿತು. ಅಂದಾನೆಪ್ಪ ಒಬ್ಬನೇ ನಗದೆ, ಕನ್ನಡಕವನ್ನು ನೆಟ್ಟಗೆ ಮಾಡಿಕೊಂಡು ನಡುಮನೆಯ ಕಡೆ ನೋಡುತ್ತಿದ್ದ. ದನಿ ಪರಿಚಯದ್ದೇ ಅನ್ನಿಸಿತು, ಪಾಪದವನದು ಅನ್ನಿಸಿತು, ಯಾಕೋ ಆ ಮನುಷ್ಯ ಇಷ್ಟವೂ ಆದ.

"ಯಾರರಿ ಅತ್ತಿಯಾರ, ಒಳಗ?" ಎಂದು ಕೇಳಿದ. "ಯಾರೋ ಬಂದಾರೇನು?"

"ಅಯ್ಯ ನನ್ನ ಶಿವನ! ನೀವ ಅಲ್ಲೇನ್ರಿ ಅದು!" ಎಂದಳು ಮೈಲವ್ವ.

ಅವನು ಎದ್ದು ನಿಂತ. ಒಳಗೆ ಮಂಚದ ಕೆಳಗಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿಸುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು, ಒಳಗೆ ಹೋಗದೆ, "ಶೇಖಾ," ಎಂದ, "ಇನ್ನೊಮ್ಮೆ ಅನ್ನು."